ಸಬ್ಸಿಡಿ ಪೈಪು, ಅಂಗನವಾಡಿ ಸಾರು

ರಕ್ತ ತೆಗೆದು ಅದರೊಳಗೆ ಏನೇನಿದೆ ಎಂದು ಬಿಡಿಸಿ ನೋಡುವುದು ನನ್ನ ಕಸುಬು. ಅರಸೀಕೆರೆ ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕಸುಬಿನ ಚಟವೋ ಹುಟ್ಟುಗುಣವೋ, ಯಾವುದನ್ನು ಕಂಡರೂ ಇದರಲ್ಲಿ ಏನಿದೆ ಎಂದು ಕೇಳದೆ ನನಗೆ ಸಮಾಧಾನವಿಲ್ಲ. ಮದುವೆಯಾಗಿ ಬಾಣಾವರಕ್ಕೆ ಬಂದ ಹೊಸದರಲ್ಲಿ ಅತ್ತೆಯ ಸಾರಿನ ಪುಡಿಗೆ ಏನೇನು ಬೀಳುತ್ತದೆಂದು ಕೇಳಿ ಕೇಳಿ ತಲೆ ತಿಂದಿದ್ದೆ. "ಸೊಸೆ ತಂದ್ಕಂಡ್ನೋ ಇನ್‌ಸ್ಪೆಕ್ಟರ್ ತಂದ್ಕಂಡ್ನೋ" ಎಂದು ಅವರು ಬೀದಿಯವರ ಮುಂದೆ ಹೇಳಿಕೊಂಡು ನಗುತ್ತಿದ್ದರು.

ಮಗಳು ಹೊಟ್ಟೆಯಲ್ಲಿದ್ದಾಗಲೇ ಕೆಲಸ ಬಿಟ್ಟೆ. ಅವಳಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಲ್ಯಾಬಿನ ಯಜಮಾನರ ಫೋನ್ ಬಂತು. ನನ್ನ ಜಾಗಕ್ಕೆ ಸೇರಿದ್ದ ಹುಡುಗಿ ಮದುವೆಯಾಗಿ ಹೊರಟಿದ್ದಳು. "ಜೂನ್‌ಗೆ ಬರೋದಾದ್ರೆ ಈಗ್ಲೇ ಹೇಳಮ್ಮ. ಇಲ್ಲಾಂದ್ರೆ ಬೇರೆಯೋರನ್ನ ನೋಡ್ಕೊತೀನಿ" ಎಂದರು. ಹಿಂದೆಮುಂದೆ ನೋಡದೆ ಬರುತ್ತೇನೆ ಎಂದುಬಿಟ್ಟೆ. ಫೋನ್ ಇಟ್ಟು ನೋಡಿದರೆ ಮಗಳು ಅಂಗಳದಲ್ಲಿ ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ ಇಡ್ಲಿ ಮಾಡುತ್ತಿದ್ದಳು. ಇವಳನ್ನು ಎಲ್ಲಿ ಬಿಡುವುದು?

ಅತ್ತೆಗೆ ಮಂಡಿನೋವು. ನಿದ್ದೆ ಮಾಡುವ ಮಗುವನ್ನು ಕಾಯಬಲ್ಲರೇ ಹೊರತು ಓಡುವ ಮಗುವಿನ ಹಿಂದೆ ದಿನವಿಡೀ ಓಡಲಾರರು. ಮಾವನಿಗೂ ನನ್ನ ಗಂಡನಿಗೂ ಬೆಳಗಾದರೆ ತೆಂಗಿನ ತೋಟ, ಕೊಬ್ಬರಿ ಮಂಡಿ. ಜೂನ್ ಒಳಗೆ ಮಗುವಿಗೊಂದು ಜಾಗ ಸಿಗದಿದ್ದರೆ ನನ್ನ ಕೆಲಸ ಹೋದಂತೆಯೇ. ಆ ಕೆಲಸ ನನಗೆ ಬೇಕಿತ್ತು. ಸಂಬಳಕ್ಕಾಗಿ ಮಾತ್ರವಲ್ಲ. ಬೆಳಗಿನ ರೈಲಿನ ಕಿಟಕಿ ಪಕ್ಕ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುವ ನಾನು, ಯಾರ ಸೊಸೆಯೂ ಯಾರ ಅಮ್ಮನೂ ಅಲ್ಲದ ಆ ಅಷ್ಟು ಹೊತ್ತಿನ ನಾನು, ನನಗೆ ಬೇಕಿತ್ತು.

ಮೊದಲು ಹೋದದ್ದು ಅರಸೀಕೆರೆಯ ಒಂದು ನರ್ಸರಿ ಶಾಲೆಗೆ. ಗೋಡೆಯ ತುಂಬ ಕರಡಿ, ಕಾಮನಬಿಲ್ಲು. ಆಫೀಸಿನಲ್ಲಿದ್ದ ಹೆಣ್ಣುಮಗಳು ಮುದ್ರಿಸಿದ ಹಾಳೆಯೊಂದನ್ನು ಮುಂದಿಟ್ಟಳು. ಅಡ್ಮಿಷನ್, ಟ್ಯೂಷನ್, ಟರ್ಮ್, ಪುಸ್ತಕ, ಯೂನಿಫಾರಂ, ಆಕ್ಟಿವಿಟಿ, ವ್ಯಾನು. ಕೆಳಗಿನ ಮೊತ್ತ ನೋಡಿಯೇ ಎದ್ದು ಬರಬೇಕೆನಿಸಿತು. ಆದರೂ ನನ್ನ ಚಟ ಬಿಡಬೇಕಲ್ಲ.

"ಟರ್ಮ್ ಫೀಸಿಗೂ ಟ್ಯೂಷನ್ ಫೀಸಿಗೂ ಏನು ವ್ಯತ್ಯಾಸ?" ಎಂದೆ.

"ಅದು ಟರ್ಮ್‌ದು ಮೇಡಂ, ಇದು ಟ್ಯೂಷನ್‌ದು."

"ಆಕ್ಟಿವಿಟಿ ಅಂದ್ರೆ?"

"ಕಲರ್ ಡೇ ಎಲ್ಲಾ ಇರುತ್ತೆ. ಒಂದಿನ ಎಲ್ಲಾ ಮಕ್ಳೂ ಹಳದಿ ಬಟ್ಟೆ ಹಾಕ್ಕೊಂಡ್ ಬರ್ಬೇಕು."

"ಬಟ್ಟೆ ಯಾರು ಕೊಡ್ತಾರೆ?"

"ನೀವೇ ಮೇಡಂ."

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ನನ್ ಮಗಾನೂ ಇಲ್ಲೇ ಓದೋದು. ಸ್ಟಾಫ್ ಅಂತ ಒಂಚೂರು ಬಿಡ್ತಾರೆ ಅಷ್ಟೇ" ಎಂದಳು. ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಸಂಜೆಯವರೆಗೆ ಬಿಡುವುದಾದರೆ ಅದಕ್ಕೆ ಬೇರೆ ಫೀಸು ಎಂದೂ ಹೇಳಿದಳು. ವಾಪಸ್ ಬರುವ ಬಸ್ಸಿನಲ್ಲಿ ಯೋಚಿಸಿದೆ. ಕೆಲಸಕ್ಕೆ ಹೋಗಲೆಂದು ಮಗುವನ್ನು ಶಾಲೆಗೆ ಬಿಡಬೇಕು, ಆ ಶಾಲೆಯ ಫೀಸು ಕಟ್ಟಲೆಂದೇ ಕೆಲಸಕ್ಕೆ ಹೋಗಬೇಕು. ಇದೊಳ್ಳೆ ತಮಾಷೆ.

ಸರ್ಕಾರದ ಕೋಟಾದಲ್ಲಿ ಖಾಸಗಿ ಶಾಲೆಗೆ ಬಿಟ್ಟಿ ಸೀಟು ಸಿಗುತ್ತದೆಂದು ಎಲ್ಲೋ ಕೇಳಿದ್ದೆ. ಅದನ್ನೂ ಬಿಡಿಸಿ ನೋಡೋಣವೆಂದು ಬಾಣಾವರದ ಸೈಬರ್ ಸೆಂಟರಿಗೆ ಹೋದೆ. ಅಲ್ಲಿನವನು ನಮ್ಮ ಬೀದಿಯವನೇ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ: "ಅಕ್ಕ, ಅದು ಎಲ್‌ಕೆಜಿಯಿಂದ ಶುರು, ನಿಮ್ ಪಾಪುಗಿನ್ನೂ ವಯಸ್ಸಾಗಿಲ್ಲ. ವಯಸ್ಸಾದ್ರೂ ಆದಾಯ ಇಷ್ಟರೊಳಗಿರ್ಬೇಕು ಅಂತೈತೆ. ಅದೂ ಸರಿಹೋದ್ರೂ, ನಿಮ್ಮ ಹತ್ರ ಸರ್ಕಾರಿ ಸ್ಕೂಲೋ ಅನುದಾನಿತ ಸ್ಕೂಲೋ ಇದ್ರೆ ಖಾಸಗಿಗೆ ಕಳ್ಸಾಕೆ ದುಡ್ಡು ಕೊಡಲ್ಲ. ನಮ್ಮೂರಲ್ಲಿ ಸ್ಕೂಲಿಗೇನು ಬರವಾ?"

ಪಂಚಾಯಿತಿಯ ಕೂಸಿನ ಮನೆ ಎಂದು ಒಂದಿದೆಯಲ್ಲ, ಅದು?

"ಅದು ನರೇಗಾ ಕೂಲಿಗೆ ಹೋಗೋರ ಕೂಸುಗಳಿಗೆ. ಅದೂ ಮೂರು ವರ್ಷದೊಳಗಿರ್ಬೇಕು."

ಒಂದಕ್ಕೆ ನನ್ನ ಮಗಳು ಚಿಕ್ಕವಳು, ಇನ್ನೊಂದಕ್ಕೆ ದೊಡ್ಡವಳು. ನನ್ನ ಮುಖ ನೋಡಿ ಅವನಿಗೆ ಪಾಪ ಅನಿಸಿರಬೇಕು. "ಇನ್ನುಳಿದಿರೋದು ನಮ್ ಅಂಗನವಾಡಿ. ಅದಕ್ಕೆ ನೀವೆಲ್ಲಿ ಕಳಿಸ್ತೀರ ಬಿಡಿ" ಎಂದ.

ಯಾಕೆ ಕಳಿಸಬಾರದು? ಆ ಪ್ರಶ್ನೆ ಹಿಡಿದುಕೊಂಡೇ ಮನೆಗೆ ಬಂದೆ.

ಅಂಗನವಾಡಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದೆ. ನನ್ನ ತವರು ಹಗರೆಯಲ್ಲಿ ನಾನೂ ಓದಿದ್ದು ಅಂಥದ್ದರಲ್ಲೇ. ಎಲ್ಲರೂ ಅದನ್ನು ಬಾಲವಾಡಿ ಎನ್ನುತ್ತಿದ್ದರು. ಅಲ್ಲಿ ಕೊಡುತ್ತಿದ್ದ ಹಳದಿ ಉಪ್ಪಿಟ್ಟಿನ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ಬಸುರಿಯಾಗಿದ್ದಾಗ ಈ ಅಂಗನವಾಡಿಯ ಟೀಚರ್ ಮನೆಗೇ ಬಂದು ನನ್ನ ಹೆಸರು ಬರೆದುಕೊಂಡು, ಬಸುರಿಯರಿಗೆ ಮಧ್ಯಾಹ್ನ ಬಿಸಿಯೂಟ ಇದೆ, ಬನ್ನಿ ಎಂದು ಕರೆದಿದ್ದರು. ಆ ತಿಂಗಳುಗಳಲ್ಲಿ ನನಗೆ ಕೆಟ್ಟ ಹಸಿವು. ಮನೆಯಲ್ಲಿ ಊಟಕ್ಕೇನೂ ಕಡಿಮೆಯಿರಲಿಲ್ಲ, ಆದರೆ ಹಿತ್ತಿಲಲ್ಲಿ ಬಟ್ಟೆ ಹರವುವಾಗ ಅಂಗನವಾಡಿಯ ಒಗ್ಗರಣೆ ಘಮ ಬಂದರೆ ಬಾಯಲ್ಲಿ ನೀರೂರುತ್ತಿತ್ತು. ಅದರಲ್ಲಿ ಏನು ಹಾಕುತ್ತಾರೆಂದು ತಿಳಿಯುವ ಆಸೆ ಬೇರೆ. ಅತ್ತೆ ಒಂದೇ ಮಾತಿನಲ್ಲಿ ಬೇಡವೆಂದರು. "ನಮ್ಮನೆ ಸೊಸೆ ಬೀದಿಗೋಗಿ ಕೂತು ಉಣ್ಣದಾ? ಜನ ನಮ್ ಮುಖಕ್ಕೆ ಉಗೀತಾರೆ." ನಾನು ಹೋಗಲಿಲ್ಲ. ಹೆರಿಗೆಯಾಗಿ ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಅಂಗನವಾಡಿಯಿಂದ ಪುಷ್ಟಿ ಪುಡಿಯ ಪೊಟ್ಟಣ ಮನೆಗೆ ಬರತೊಡಗಿತು. ಅತ್ತೆ ಅದನ್ನು ಬೇಡವೆನ್ನದೆ ಇಸಿದುಕೊಂಡು ಬೂಸಾದ ಜೊತೆ ಕಲಸಿ ಹಸುವಿಗೆ ಹಾಕುತ್ತಿದ್ದರು. ಆ ವರ್ಷ ನಮ್ಮ ಹಸುವಿನ ಮೈ ಮಿಂಚುತ್ತಿತ್ತು.

ಮಾರನೆಯ ದಿನ ಅಂಗನವಾಡಿಗೆ ಹೋಗಿ ನನ್ನ ಪ್ರಶ್ನೆಗಳನ್ನೆಲ್ಲ ಟೀಚರ ಮುಂದೆ ಸುರಿದೆ. ಫೀಸು? ಇಲ್ಲ. ಊಟ? ಕೊಡುತ್ತೇವೆ. ಎಷ್ಟು ಹೊತ್ತಿನವರೆಗೆ? ಸಂಜೆ ನಾಲ್ಕು. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ? ಅದರ ಬದಲು ಬೇರೆ ಕೊಡುತ್ತೇವೆ, ಮೊಟ್ಟೆ ಬೇಯಿಸುವ ಪಾತ್ರೆಯೇ ಬೇರೆ. ತೂಕ ನೋಡುವ ಯಂತ್ರವಿತ್ತು, ಮೂಲೆಯಲ್ಲಿ ಚಾಪೆಗಳಿದ್ದವು, ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅಡುಗೆಮನೆಯ ಬಾಗಿಲಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯ ಚೀಲವೊಂದು ಕಂಡಿತು. ಇದೂ ಸರ್ಕಾರದ್ದೇ ಎಂದು ಕೇಳಿದೆ. ಟೀಚರ್ ನಕ್ಕರು.

"ಸರ್ಕಾರ ಎಲ್ಲಿ ತೆಂಗಿನಕಾಯಿ ಕೊಡ್ತದೆ? ತೋಟ ಇರೋರು ಕಾಯಿ ಕೆಡವಿದಾಗ ಒಂದ್ ಚೀಲ ಇಲ್ಲಿಗ್ ಹಾಕೋದು ಈ ಬೀದಿ ವಾಡಿಕೆ. ಇದು ನಿಮ್ಮ ಮಾವನೋರೇ ಕಳಿಸಿದ್ದು."

ಇದು ನನಗೆ ಗೊತ್ತೇ ಇರಲಿಲ್ಲ. ಕಾಯಿ ಹೋಗಬಹುದಾದ ಜಾಗಕ್ಕೆ ಮೊಮ್ಮಗಳು ಹೋಗಬಾರದೇ?

ಅಂದು ಸಂಜೆ ಮಾವ ಜಗಲಿಯಲ್ಲಿ ಹನಿ ನೀರಾವರಿಯ ಪೈಪು ಹರವಿಕೊಂಡು ಕಟ್ಟಿಕೊಂಡ ತೂತುಗಳನ್ನು ತಂತಿಯಿಂದ ಬಿಡಿಸುತ್ತಿದ್ದರು. ಅತ್ತೆ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ನಾನು ಅಂಗನವಾಡಿಯ ಮಾತೆತ್ತಿದೆ. ಅತ್ತೆ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು.

"ಅದು ಗತಿ ಇಲ್ದೋರಿಗೆ ಕಣವ್ವ. ನಮ್ ಮಗು ತಟ್ಟೆ ಇಟ್ಕಂಡು ಸಾಲಲ್ಲಿ ಕೂತ್ಕಬೇಕಾ? ಮೊಟ್ಟೆ ಬೇರೆ ಬೇಯಿಸ್ತಾರೆ ಅಲ್ಲಿ. ಯಾವ್ ಪಾತ್ರೇಲಿ ಏನ್ ಮಾಡ್ತಾರೋ ಯಾರ್ ಕಂಡೋರು."

ನಾನು ಮಾವನ ಕಡೆ ತಿರುಗಿದೆ. "ಮಾವ, ಈ ಪೈಪನ್ನ ಪೂರ್ತಿ ದುಡ್ಡು ಕೊಟ್ಟು ತಂದ್ರಾ?"

"ಪೂರ್ತಿ ಯಾರವ್ವ ಕೊಡ್ತಾರೆ? ಸಬ್ಸಿಡಿ ಐತಲ್ಲ. ತೋಟಗಾರಿಕೆ ಆಫೀಸಿಗೆ ಚಪ್ಪಲಿ ಸವೆಸಿವ್ನಿ ನಾನು" ಎಂದರು ಹೆಮ್ಮೆಯಿಂದ.

"ಕೊಬ್ಬರಿ ಬೆಂಬಲ ಬೆಲೆಗೆ ಹೆಸರು ಬರೆಸಿದ್ದು?"

"ಕೋಳಿ ಕೂಗಕ್ ಮುಂಚೆ ಹೋಗಿ ಸಾಲಲ್ಲಿ ನಿಂತಿದ್ದೆ. ಅದು ನಮ್ ಹಕ್ಕು."

"ನೀವು ಸಾಲಲ್ಲಿ ನಿಂತ್ರೆ ಹಕ್ಕು, ನನ್ ಮಗಳು ಸಾಲಲ್ಲಿ ಕೂತ್ರೆ ಗತಿಗೇಡಾ ಮಾವ?"

ಬಾಯಿಂದ ಜಾರಿಯೇ ಬಿಟ್ಟಿತು. ಮಾವ ಪೈಪಿನ ತುದಿಯನ್ನು ಬಾಯಿಗಿಟ್ಟು ಜೋರಾಗಿ ಊದಿದರು, ಒಳಗಿನ ಮಣ್ಣು ಅತ್ತ ಹಾರಿತು. ಆಮೇಲೆ ಅತ್ತೆಯನ್ನು ನೋಡಿ ನಗತೊಡಗಿದರು. "ಕೇಳಿಸ್ಕಂಡ್ಯಾ? ತೆಂಗಿನ ಮರಕ್ಕೆ ಸರ್ಕಾರದ್ ನೀರು ಆಯ್ತದೆ, ಮಗೀಗೆ ಸರ್ಕಾರದ್ ಅನ್ನ ಆಗಕಿಲ್ವಾ ಅಂತಾಳೆ ಇನ್‌ಸ್ಪೆಕ್ಟರಮ್ಮ."

ಅತ್ತೆ ನಗಲಿಲ್ಲ. ಎಣ್ಣೆಯ ಬಟ್ಟಲನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು, "ಮೊದಲ್ನೇ ದಿನ ನಾನೇ ಹೋಗಿ ಕೂತು ನೋಡ್ತೀನಿ. ಪಾತ್ರೆ ಒಂದೇ ಆಗಿತ್ತೋ, ಅಲ್ಲಿಗ್ ಮುಗೀತು. ನೀನು ಕೆಲಸ ಗಿಲಸ ಮರೆತು ಮನೇಲಿರ್ಬೇಕು" ಎಂದರು. ನಾನು ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಜೂನ್‌ನಲ್ಲಿ ನಾನು ಕೆಲಸಕ್ಕೆ ಹೋದ ಮೊದಲ ದಿನವೇ ಮಗಳಿಗೂ ಅಂಗನವಾಡಿಯ ಮೊದಲ ದಿನ. ನಾನು ರೈಲಿಗೆಂದು ಮನೆ ಬಿಟ್ಟಾಗ ಅತ್ತೆ ಮಂಡಿಗೆ ಬಟ್ಟೆ ಬಿಗಿದು, ಒಳ್ಳೆಯ ಸೀರೆ ಉಟ್ಟು ಹೊರಡಲು ತಯಾರಾಗಿದ್ದರು. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು, ಆದರೆ ಹೊರಗೇನಿತ್ತೋ ನಾನು ನೋಡಲಿಲ್ಲ. ಆ ಟೀಚರಿಗೆ ಇಂದೇ ಪಾತ್ರೆಗಳು ಅದಲುಬದಲಾಗದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ. ಅತ್ತೆಯ ಕಣ್ಣು ನನ್ನ ಮೈಕ್ರೋಸ್ಕೋಪಿಗಿಂತ ಚುರುಕು.

ಮಧ್ಯಾಹ್ನ ಒಬ್ಬ ಅಜ್ಜನ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಅತ್ತೆಯದು. ಕೆಲಸ ಹೋಯಿತು ಎಂದುಕೊಂಡೆ. ಅಜ್ಜನ ಪಟ್ಟಿ ಸಡಿಲಿಸಿ, ಒಂದು ನಿಮಿಷ ಎಂದು ಕೇಳಿಕೊಂಡು ಫೋನ್ ಎತ್ತಿದೆ. ಆ ಕಡೆ ಮಕ್ಕಳ ಗಲಾಟೆ.

"ಅತ್ತೆ, ಅಳ್ತಿದ್ದಾಳಾ ಅವಳು?"

"ಅವಳ್ಯಾಕ್ ಅಳ್ತಾಳೆ? ಒಂದ್ ಹುಡುಗನ ಚಾಪೆ ಕಿತ್ಕಂಡು ಅವಳೇ ಅವನ್ನ ಅಳಿಸವಳೆ."

"ಪಾತ್ರೆ?"

"ಬೇರೇನೇ ಕಣವ್ವ. ಮೊಟ್ಟೇದು ಹೊರಗಡೆ, ಸಣ್ಣ್ ಪಾತ್ರೇಲಿ. ನಾನೇ ಒಳಗ್ ಹೋಗಿ ಮುಚ್ಚಳ ತೆಗೆದು ನೋಡ್ದೆ." ನಡುವೆ ಮಗಳನ್ನು ಗದರಿ ಮತ್ತೆ ಫೋನಿಗೆ ಬಂದರು. "ಬೇಡ ಅಂದ್ರೂ ಕೇಳದೆ ಆ ಟೀಚರಮ್ಮ ನಂಗೂ ಒಂದ್ ತಟ್ಟೆ ಇಕ್ಕುದ್ಲು. ಅನ್ನ, ಸಾರು. ನಮ್ ಕಾಯೇ ರುಬ್ಬಿ ಹಾಕವ್ರೆ."

"ಹೆಂಗಿತ್ತು ಅತ್ತೆ?"

"ಸಂದಾಗೈತೆ. ನಾಳೆಯಿಂದ ನಾನ್ ಬರಾಕಿಲ್ಲ, ಅವಳೊಬ್ಳೇ ಇರ್ತಾಳೆ. ನಾಲ್ಕಕ್ಕೆ ಬಂದು ಕರ್ಕಂಡೋಯ್ತೀನಿ. ನೀನು ಕೆಲಸ ನೋಡ್ಕ."

ಫೋನ್ ಇಡುತ್ತಾರೆಂದುಕೊಂಡೆ. ಇಡಲಿಲ್ಲ. ಮಕ್ಕಳ ಗಲಾಟೆ ದೂರವಾಯಿತು, ಹೊರಗೆ ಬಂದಿರಬೇಕು.

"ನಮ್ಮೂರಿನ ಒಬ್ಳು ಬಸ್ರಿ ಇವತ್ತು ನನ್ ಪಕ್ದಾಗೇ ಕೂತು ಉಂಡ್ಲು" ಎಂದರು. "ಎರಡ್ ಸಲ ಸಾರು ಹಾಕಿಸ್ಕಂಡ್ಲು. ನೀನೂ ಹಿತ್ಲಲ್ಲಿ ಬಟ್ಟೆ ಹಿಡ್ಕಂಡು ಇತ್ತಗೇ ನೋಡ್ತಾ ನಿಂತಿರ್ತಿದ್ದೆ. ನಾನ್ ಕಂಡಿದ್ದೆ ಕಣವ್ವ. ಕಂಡೂ ಕಳಿಸ್ಲಿಲ್ಲ."

ಫೋನ್ ಕೆಳಗಿಟ್ಟು ಮತ್ತೆ ಅಜ್ಜನ ತೋಳಿಗೆ ಪಟ್ಟಿ ಕಟ್ಟಲು ಹೋದರೆ ಕಣ್ಣು ಮಂಜಾಗಿ ನರವೇ ಕಾಣದು. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೂಜಿ ಚುಚ್ಚಿಸ್ಕಳೋನು ನಾನು, ಅಳೋದು ನೀನೇನವ್ವಾ?" ಎಂದರು.

"ಏನಿಲ್ಲ ಅಜ್ಜ" ಎಂದೆ. "ನಮ್ಮತ್ತೆ ಊಟ ಮಾಡಿದ್ರಂತೆ."