ಮೋಟರು ಹಾಕುವ ಸರದಿ

ನನ್ನ ಗಂಡ ಪರಮೇಶ್ ಸವಳಂಗದ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕರೆಂಟಿನ ವಿಷಯ ನನಗೆ ಗೊತ್ತಿರುವುದೆಲ್ಲ ಅವರು ಊಟಕ್ಕೆ ಕೂತಾಗ ಹೇಳಿದ್ದು. ಎಲ್ಲೋ ದೂರದ ವಿದ್ಯುತ್ ಸ್ಥಾವರದಲ್ಲಿ ಒಂದು ಘಟಕ ನಿಂತರೆ ಇಲ್ಲಿಗೆ ಫೋನ್ ಬರುತ್ತಿತ್ತು, ಇಷ್ಟು ಲೋಡ್ ಇಳಿಸಿ ಎಂದು. ಇವರು ಒಂದು ಲೈನ್ ಬಂದ್ ಮಾಡುತ್ತಿದ್ದರು. ಆ ಲೈನಿನ ರೈತರೆಲ್ಲ ಇವರಿಗೇ ಬೈಯುತ್ತಿದ್ದರು.

“ಇರೋದೇ ಅಷ್ಟು ಕರೆಂಟು. ನಾನೇನು ಜೇಬಲ್ಲಿ ಇಟ್ಕಂಡೀನಾ?” ಅನ್ನುತ್ತಿದ್ದರು, ನಗುತ್ತಲೇ.

ಹೋದ ವರ್ಷ ಶ್ವಾಸಕೋಶ ಕೆಟ್ಟು ಕೆಲಸ ಬಿಟ್ಟರು. ಮನೆಗೆ ಆಕ್ಸಿಜನ್ ಮಿಷನ್ ಬಂತು. ಅದು ಕರೆಂಟಿನ ಮೇಲೆ ಓಡುತ್ತದೆ. ನಮ್ಮ ಮನೆ ಇರುವುದು ಹೊಲದಲ್ಲಿ, ಪಂಪ್‌ಸೆಟ್ಟುಗಳ ಲೈನಿನ ಮೇಲೆ. ಕರೆಂಟ್ ಹೋದರೆ ಒಂದು ಸಿಲಿಂಡರ್ ಇತ್ತು. ಎರಡು ಗಂಟೆ ಬರುತ್ತಿತ್ತು.

ಬೇಸಿಗೆಯಲ್ಲಿ ಮೋಟರು ಓಡಿಸುವ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು; ಉಳಿದ ಹೊತ್ತು ಮನೆಯ ದೀಪಕ್ಕೆ, ಮಿಷನ್ನಿಗೆ ಆಗುವಷ್ಟು ಸಿಂಗಲ್‌ಫೇಸ್ ಮಾತ್ರ. ಅದಕ್ಕೇ ನಮ್ಮ ಕಡೆ ಎಲ್ಲರೂ ಸ್ಟಾರ್ಟರಿಗೆ ಆಟೋ ಹಾಕಿ ಮನೆಗೆ ಹೋಗುತ್ತಾರೆ. ಕರೆಂಟ್ ಬಂದೊಡನೆ ಮೋಟರು ತಾನೇ ಓಡುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರಿನ ಮೇಲೆ ಹನ್ನೊಂದು ಮೋಟರು. ಹನ್ನೊಂದೂ ಒಟ್ಟಿಗೆ ಎದ್ದರೆ ಫ್ಯೂಸ್ ಹೋಗುತ್ತದೆ. ಆಗ ಯಾರ ಹೊಲಕ್ಕೂ ನೀರಿಲ್ಲ, ಇವರಿಗೆ ಉಸಿರಿಲ್ಲ.

ಒಂದೇ ವಾರದಲ್ಲಿ ಮೂರು ಸಲ ಹೋಯಿತು. ಮೂರನೇ ಸಲ ಸಿಲಿಂಡರ್ ಇನ್ನೇನು ಮುಗಿಯಿತು ಎನ್ನುವಾಗ ಲೈನ್‌ಮನ್ ಬಂದ. ಮರುದಿನ ನಾನೇ ಹೊಲ ಹೊಲ ಸುತ್ತಿ ಎಲ್ಲ ಸ್ಟಾರ್ಟರಿನ ಆಟೋ ತೆಗೆದೆ. ಪಕ್ಕದ ಹೊಲದ ಬಸವರಾಜಪ್ಪನವರ ಕೈಗೆ ಸಿಕ್ಕಿಬಿದ್ದೆ.

“ಏನಮ್ಮಾ ಹೊನ್ನೂರಮ್ಮ, ಗಂಡನ ಕೆಲಸ ನಿನಗೆ ಕೊಟ್ರೇನು?”

“ಹೂನ್ರಿ. ನಿಮ್ ಮೋಟರು ಎದ್ದಾಗೆಲ್ಲ ನಮ್ಮನೇರ ಉಸಿರು ನಿಲ್ಲತೈತೆ.”



ಇವರಿಗೆ ಗೊತ್ತಾಗಿ ನನಗೇ ಬೈದರು. “ಬ್ಯಾರೇರ ಸ್ಟಾರ್ಟರ್ ಮುಟ್ತಾರೇನೇ? ಅವರ ಜ್ವಾಳಕ್ಕೂ ನೀರು ಬೇಕಲ್ಲ. ಫೋನ್ ಕೊಡಿಲ್ಲಿ.”

ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡೇ ಹನ್ನೊಂದು ಜನಕ್ಕೂ ಫೋನ್ ಮಾಡಿದರು. ಆಟೋ ತೆಗೆಯಿರಿ, ಐದೈದು ನಿಮಿಷ ಬಿಟ್ಟು ಒಬ್ಬೊಬ್ಬರೇ ಹಾಕಿರಿ, ಸರದಿ ನಾನು ಹೇಳುತ್ತೇನೆ ಎಂದರು. ಮೊದಲು ಒಪ್ಪಿದವರು ಬಸವರಾಜಪ್ಪನವರೇ.

ಅಂದಿನಿಂದ ತ್ರೀಫೇಸ್ ಬಂದರೆ ಫೋನು.

“ಪರಮೇಶಪ್ಪ, ಹಾಕಲೇನು?”

“ತಡೀರಿ, ಸಿದ್ದಲಿಂಗಮ್ಮಾರ ಮೋಟರು ಈಗ ಎದ್ದೈತೆ. ಹ್ಞಾಂ, ಈಗ ಹಾಕ್ರಿ.”

ಅಷ್ಟು ಹೇಳಲು ಎರಡು ಸಲ ಉಸಿರು ಎಳೆಯುತ್ತಿದ್ದರು. ಮುಖದಲ್ಲಿ ಮಾತ್ರ ಡ್ಯೂಟಿಯ ಕಳೆ ಬಂದಿತ್ತು. ನಾನು ದಿನಾ ತಲೆ ಬಾಚಿ ಇಸ್ತ್ರಿ ಅಂಗಿ ಹಾಕುತ್ತಿದ್ದೆ.

“ಫೋನಲ್ಲಿ ಅಂಗಿ ಕಾಣಲ್ಲ ಕಣೇ.”

“ನಂಗೆ ಕಾಣತೈತಲ್ಲ.”

ಆಮೇಲೆ ಒಂದು ಸಲವೂ ಫ್ಯೂಸ್ ಹೋಗಲಿಲ್ಲ. ರೋಗ ನಿಲ್ಲಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಮಿಷನ್ ಓಡುತ್ತಿರುವಾಗಲೇ ಹೋದರು. ಕರೆಂಟಿನ ತಪ್ಪಿಲ್ಲ.

ಮಿಷನ್ ಆರಿಸಿದೆ. ಅಷ್ಟರಲ್ಲಿ ತ್ರೀಫೇಸ್ ಬಂತು. ಫೋನ್ ಹೊಡೆದುಕೊಂಡಿತು. ಬಸವರಾಜಪ್ಪನವರು.

“ಪರಮೇಶಪ್ಪ, ಹಾಕಲೇನು?”

“ಹಾಕ್ರಿ” ಅಂದೆ. “ಎಲ್ಲಾರೂ ಒಟ್ಟಿಗೇ ಹಾಕ್ರಿ. ಮಿಷನ್ ಆರಿಸೀನಿ.”

ಅವರು ಮೋಟರು ಹಾಕದೆ ಹೊಲದಿಂದ ನೇರ ನಮ್ಮ ಮನೆಗೆ ಬಂದರು.

ಅವತ್ತು ಸಂಜೆಯವರೆಗೂ ತ್ರೀಫೇಸ್ ಇತ್ತು. ಒಂದು ಮೋಟರೂ ಓಡಲಿಲ್ಲ. ಹನ್ನೊಂದು ಮನೆಯವರೂ ನಮ್ಮ ಅಂಗಳದಲ್ಲಿ ಕೂತಿದ್ದರು. ಮೆಕ್ಕೆಜೋಳ ಬಾಡುತ್ತಿತ್ತು. ಇವರು ಕಂಡಿದ್ದರೆ ಬೈಯುತ್ತಿದ್ದರು, ಬಂದ ಕರೆಂಟು ದಂಡ ಮಾಡಿದಿರಲ್ಲ ಎಂದು.