ಅಣ್ಣನ ಸೈನ್ಯಕ್ಕೆ ಅಮ್ಮ ಕೊಟ್ಟ ರಜೆ

ಗೆಳೆಯರೇ, ಇವತ್ತು ನಮ್ಮ ಆರ್.ಕೆ.ಪುರಂ ಮನೆಯ ಯುದ್ಧದಾಟ ನಿಂತುಹೋಯಿತು. ಗಡಿಯಲ್ಲಿರುವ ಅಣ್ಣ ಫೋನಿನಲ್ಲಿ ತನ್ನ ಸೈನ್ಯದ ನಡೆ ಹೇಳುತ್ತಾನೆ. ಅವನೇ ಬಣ್ಣ ಬಳಿದ ಬೆರಳುದ್ದದ ಸೈನಿಕರನ್ನು ನಾನು ಮೇಜಿನ ಮೇಲೆ ಸರಿಸುತ್ತೇನೆ. ಇವತ್ತು, ತನ್ನ ರಜೆ ಮತ್ತೆ ರದ್ದಾಯಿತೆಂದು ಹೇಳಿ, "ನನ್ನ ಕುದುರೆ ಸವಾರ ಎಲ್ಲಿದ್ದಾನೋ?" ಎಂದ.

"ಇದ್ದಲ್ಲೇ ಇದ್ದಾನೆ ಅನ್ನು," ಅಮ್ಮ ಪಿಸುಗುಟ್ಟಿದಳು. ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ನಿನ್ನ ಕಡೆಯವರನ್ನೆಲ್ಲ ಅಮ್ಮ ಎತ್ತಿ ನಿನ್ನ ಸ್ವೆಟರ್‌ನಲ್ಲಿ ಸುತ್ತಿಟ್ಟಿದ್ದಾಳೆ ಕಣೋ."

ಅಮ್ಮ ಫೋನ್ ಕಿತ್ತುಕೊಂಡಳು. "ಮೇಜು ಕಿಟಕಿ ಪಕ್ಕ ಇದೆಯಲ್ಲೋ. ತುಂಬಾ ಚಳಿ."

"ಅಚ್ಛಾ, ಸ್ವೆಟರ್‌ನಲ್ಲೇ ಇರಲಿ ಬಿಡಮ್ಮ," ಎಂದ ಅಣ್ಣ.

ನನ್ನ ಸೈನ್ಯ ಇನ್ನೂ ಕಿಟಕಿ ಪಕ್ಕದಲ್ಲೇ ನಿಂತಿದೆ. ಅವರಿಗೂ ಒಂದು ಸ್ವೆಟರ್ ಕೇಳಿದೆ. "ಸ್ಕೂಲು ಬಿಟ್ಟರೆ ನೀನು ಮನೆಯಲ್ಲೇ ಇರುತ್ತೀಯಲ್ಲ, ನೀನೇ ಹೊದಿಸು," ಎಂದಳು ಅಮ್ಮ.