ಐದನೆಯ ರೂಪಾಯಿ

ಮೊನ್ನೆ ಖಾನಾಪುರದ ಮನೆಯ ಪಡಸಾಲೆಯಲ್ಲಿ ಅತ್ತೆ, ನಮ್ಮವರು, ನಾನು ಮೂವರೇ ಇದ್ದೆವು. ಗುಳಿಗೆ ಹಾಳೆಯ ಮೇಲಿನ ತಾರೀಖು ಓದಲು ಅತ್ತೆ ತಮ್ಮ ಭೂತಗನ್ನಡಿ ತೆಗೆದರು. ಅದರ ಚರ್ಮದ ಚೀಲ ಬಿಚ್ಚಿದ್ದೇ ತಡ, ಅತ್ತರಿನ ವಾಸನೆ ಘಂ ಎಂದಿತು... ಬೆಳಗಾವಿಯ ನಾಣ್ಯದಂಗಡಿ ಚಾಚಾ ಎದುರಿಗೇ ಬಂದು ಕೂತಂತಾಯಿತು.

ಆಗ ನಾನು ಹೊಸ ಸೊಸೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ರಾಣಿ ಛಾಪಿನ ಐದು ಬೆಳ್ಳಿ ರೂಪಾಯಿಗಳನ್ನು ತೊಳೆದಿಡಲು ಹೇಳಿ ಅತ್ತೆ ಹಿಂಡಲಗಾದ ಮಗಳ ಮನೆಗೆ ಹೋಗಿದ್ದರು. ಅವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಒಂದು ರೂಪಾಯಿ ಜಾರಿ ಬಚ್ಚಲಮೋರಿ ಸೇರಿತು. ನಮ್ಮವರು ಕೋಲು ಹಾಕಿ ಕೆದಕಿಯೇ ಕೆದಕಿದರು, ಸಿಗಲಿಲ್ಲ. ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮರುದಿನ ನಮ್ಮವರು ಆಟೋ ನಗರದ ಗ್ಯಾರೇಜಿಗೆ ಕೆಲಸಕ್ಕೆ ಹೊರಟಾಗ, ಉಳಿದ ನಾಲ್ಕನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಾನೂ ಬೆಳಗಾವಿಯ ಬಸ್ಸು ಹತ್ತಿದೆ.

ಚಾಚಾ ಅವರ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು, ಅಷ್ಟೇ ಜಾಗ. ಹಳೆಯ ರೂಪಾಯಿಗಳಲ್ಲಿ ಅವರ ಲೆಕ್ಕಕ್ಕೆ ಮೂರೇ ಬಗೆ. ಬಟ್ಟೆಯಲ್ಲಿ ಸುತ್ತಿಟ್ಟು ಹೊಸದರಂತೆ ಉಳಿದದ್ದು ‘ನಿದ್ದಿ ಮಾಡಿದ್ದು’. ಕೈಯಿಂದ ಕೈಗೆ ಓಡಾಡಿ ಸವೆದದ್ದು ‘ದುಡದದ್ದು’. ತಿಕ್ಕಿಸಿಕೊಂಡು ಮುಖ ಪಳಪಳ ಹೊಳೆಯುವುದು ‘ಮಾರಿ ತೊಳದದ್ದು’. ಈ ಮೂರನೆಯದನ್ನು ಕಂಡರೆ ಮಾತ್ರ ಅವರಿಗೆ ಮೈ ಉರಿಯುತ್ತಿತ್ತು.

“ರಾಣಿ ಗಲ್ಲ ಹಿಡೀಬ್ಯಾಡ ಬೇಟಿ, ಅಂಚು ಹಿಡಿ,” ಎಂದು ಮೊದಲೇ ಗದರಿದರು. ಆಮೇಲೆ ನನ್ನ ನಾಣ್ಯವನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ ಹಣೆ ಬಡಿದುಕೊಂಡರು. “ಯಾ ಅಲ್ಲಾ, ರಾಣಿಗೆ ಮೂಗ ಇಲ್ಲಲ್ಲ! ಯಾರ ತಿಂದ್ರು?”

“ನಮ್ಮತ್ತಿರೀ. ವರ್ಷಾ ವರ್ಷಾ ಹುಣಸಿಹಣ್ಣ ಹಚ್ಚಿ ತಿಕ್ಕತಾರ. ನನಗ ಇಂಥಾದ ಇನ್ನೊಂದ ಬೇಕ್ರಿ ಚಾಚಾ.”

“ಎಲ್ಲಾರೂ ಛಲೋದು ಕೊಡ್ರಿ ಅಂತ ಬರ್ತಾರ. ಕೆಟ್ಟದ್ದು ಕೊಡ್ರಿ ಅಂತ ಬಂದಾಕಿ ನೀ ಒಬ್ಬಾಕಿನ ನೋಡು!”

ಮೋರಿಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಗಿಸಲು ಎತ್ತಿಟ್ಟಿದ್ದ ತೊಳೆದ ಮಾರಿಗಳನ್ನೆಲ್ಲ ಬಿಸ್ಕೀಟು ಡಬ್ಬಿಯಿಂದ ಕಪ್ಪು ಬಟ್ಟೆಯ ಮೇಲೆ ಸುರಿದು, ಒಂದೊಂದನ್ನೇ ನನ್ನ ನಾಲ್ಕರ ಪಕ್ಕ ಇಟ್ಟು ನೋಡತೊಡಗಿದರು. “ಇದರ ಮೂಗ ಇನ್ನೂ ಐತಿ, ನಡಿಯಂಗಿಲ್ಲ. ಇದರ ಕಿರೀಟ ಭಾಳ ಚಂದ ಐತಿ, ಆ ಕಡೆ ಒಗಿ...” ಒಂದು ತಾಸಿನ ಮೇಲೆ, ಮೂಗೂ ಇಲ್ಲದ, ಕಿರೀಟವೂ ಮಾಸಿದ ರಾಣಿಯೊಬ್ಬಳು ಸಿಕ್ಕಳು. ಭೂತಗನ್ನಡಿಯಲ್ಲಿ ನನಗಂತೂ ಐವರೂ ಅಕ್ಕತಂಗಿಯರಂತೆ ಕಂಡರು.

ಪೂಜೆಯ ದಿನ ಅತ್ತೆ ಒಂದೊಂದೇ ರೂಪಾಯಿಯ ಮೇಲೆ ಹೆಬ್ಬೆರಳು ಆಡಿಸಿ ತಟ್ಟೆಯಲ್ಲಿಟ್ಟರು. ಐದನೆಯದಕ್ಕೆ ಬೆರಳು ತುಸು ನಿಂತಿತು. ಆಮೇಲೆ ಆರತಿ ಎತ್ತಿದರು. ಎಂಟು ದಿನ ಬಿಟ್ಟು, “ನಾಳಿ ಬೆಳಗಾವಿಗೆ ಹೋಗೂಣು. ಐದನೇದು ಕೊಟ್ಟಾರಲ್ಲ, ಅವರ ಅಂಗಡಿ ತೋರಸು,” ಎಂದರು.

ಅಂಗಡಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತು ಅಂಗೈ ಚಾಚಿದರು. ಚಾಚಾ ಐದನ್ನೂ ಕಲಸಿ ಇಟ್ಟರು. ಅತ್ತೆ ಬೆರಳಾಡಿಸಿ ಒಂದನ್ನು ಎತ್ತಿಕೊಟ್ಟರು. ಅದೇ!

“ಹ್ಯಾಂಗ ಗೊತ್ತಾತ್ರಿ ಅಕ್ಕಾರ?”

“ಇದನ್ನ ತಿಕ್ಕಿದಾಕಿ ಎಡಚಿ ಅದಾಳ್ರಿ ಸಾಹೇಬ್ರ. ನನ್ನ ಬಲಗೈಯಾಗ ಗಲ್ಲ ಸವೀತೈತಿ, ಆಕಿ ಎಡಗೈಯಾಗ ಹಿಂದಿನ ಹೆಳಲ ಸವದೈತಿ.”

ಚಾಚಾ ಭೂತಗನ್ನಡಿ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು. ಖರೇ! “ಇಷ್ಟು ವರ್ಷ ಇದರಾಗ ನೋಡೀನಿ, ನಿಮ್ಮ ಬೆರಳಿಗೆ ಸೋತೆ,” ಎಂದು ಆ ಭೂತಗನ್ನಡಿಯನ್ನು ಅತ್ತರಿನ ವಾಸನೆಯ ಚೀಲದ ಸಮೇತ ಅತ್ತೆಯ ಕೈಗೇ ಇಟ್ಟುಬಿಟ್ಟರು. ನಾನು ಅಳುತ್ತ, “ನಂದ ತಪ್ಪಾತ್ರಿ, ಅತ್ತಿ,” ಎಂದೆ.

“ಕಳದದ್ದಕ್ಕ ಸಿಟ್ಟಿಲ್ಲವಾ. ಹೇಳಲಿಲ್ಲಲ್ಲ, ನಾ ಏನ ಹುಲಿ ಏನ? ಇದೂ ಇರಲಿ. ಯಾವ ತಾಯಿ ಪೂಜಾ ಮಾಡಿ ತಿಕ್ಕ್ಯಾಳೋ...” ಎಂದವರು, ಪೂಜೆಯ ಡಬ್ಬಿಯನ್ನು ಅಂದಿನಿಂದ ನನ್ನ ಸುಪರ್ದಿಗೇ ಬಿಟ್ಟರು.

ಆಮೇಲೆ ಬೆಳಗಾವಿಗೆ ಹೋದಾಗಲೆಲ್ಲ ಅತ್ತೆ ಚಾಚಾಗೆಂದು ಗೆಣಸು ಒಯ್ಯುವರು. “ರೂಪಾಯಿ ತೊಳೀಬ್ಯಾಡ್ರಿ ಅಕ್ಕಾರ” ಎಂದು ಅವರು, “ತೊಳೀದ ದೇವರ ಮುಂದ ಇಡಾಕ ಬರತೈತೇನ್ರಿ” ಎಂದು ಇವರು. ಆ ಜಗಳವಿಲ್ಲದೆ ಚಹಾ ಬರುತ್ತಿರಲಿಲ್ಲ.

ಈ ವರ್ಷ ಅತ್ತೆಯೂ ನಾನೂ ಹೋದರೆ ಆ ಜಾಗದಲ್ಲಿ ಮೊಬೈಲ್ ಅಂಗಡಿ. ಚಾಚಾ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ನಮಗೆ ತಿಳಿಸುವವರು ಯಾರು? ಪಕ್ಕದ ದರ್ಜಿಯಿಂದ ಮನೆ ಗೊತ್ತು ಮಾಡಿಕೊಂಡು ಹೋದೆವು. ಅತ್ತೆಯೂ ಚಾಚಾ ಅವರ ಹೆಂಡತಿಯೂ ಕೈ ಹಿಡಿದುಕೊಂಡು ಕೂತು ಎರಡು ತಾಸು ಮೊಣಕಾಲು ನೋವಿನ ಮಾತಾಡಿದರು.

ಏಳುವಾಗ ಅತ್ತೆ, “ಗೆಣಸು ಭಾಳ ಸೇರತಿದ್ವು ಅವರಿಗೆ,” ಎಂದರು.

ಆ ತಾಯಿ ನಕ್ಕರು. “ಅವರಿಗೆ ಸಕ್ಕರಿ ಬ್ಯಾನಿ ಇತ್ರಿ ಅಕ್ಕಾ. ಎಲ್ಲಾ ನಾನ ತಿಂದೀನಿ.”

ಮುಂದಿನ ಸೋಮವಾರ ನಮ್ಮವರು ಬೆಳಗಾವಿಗೆ ಕೆಲಸಕ್ಕೆ ಹೊರಟಾಗ ಅತ್ತೆ ಅವರ ಕೈಗೆ ಒಂದು ಚೀಲ ಗೆಣಸು ಕೊಟ್ಟು, ಆ ಮನೆಯ ದಾರಿ ಹೇಳಿದರು.